ಡ್ಯೂಟಿ ಇಲ್ಲದ ದಿನವೂ ನಿದ್ದೆ ಬರುತ್ತಿಲ್ಲ, ಇದು ಬರೀ ದಣಿವಾ?

ಎರಡನೇ_ವರ್ಷ ಕೇಳಿದ್ದು:

ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಮೊದಲ ವರ್ಷ ಹೇಗೋ ಕಳೆಯಿತು. ಆಗಲೂ ದಣಿವು ಇತ್ತು, ಆದರೆ ಪೋಸ್ಟ್ ಡ್ಯೂಟಿ ದಿನ, ಅಂದರೆ ರಾತ್ರಿ ಡ್ಯೂಟಿ ಮುಗಿದ ಮರುದಿನ, ಹಾಸಿಗೆಗೆ ಬಿದ್ದರೆ ಎಚ್ಚರವೇ ಇರುತ್ತಿರಲಿಲ್ಲ, ಎದ್ದ ಮೇಲೆ ಮತ್ತೆ ಸರಿಹೋಗುತ್ತಿದ್ದೆ. ಈಗ ಕೆಲವು ತಿಂಗಳಿಂದ ಹಾಗಿಲ್ಲ. ರಜೆ ಇದ್ದರೂ ಬೆಳಗಿನ ಜಾವ ಎಚ್ಚರ ಆಗುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಯಾವುದೋ ಬೆಡ್‌ನ ಪೊಟ್ಯಾಸಿಯಂ ರಿಪೋರ್ಟ್ ನೋಡಿದ್ದೆನಾ ಇಲ್ಲವಾ ಅಂತ ಯೋಚನೆ ಶುರುವಾದರೆ ಮುಗಿಯುವುದೇ ಇಲ್ಲ. ವಾರ್ಡ್‌ಗೆ ಫೋನ್ ಮಾಡಿ ಕೇಳುತ್ತೇನೆ. ನೋಡಿರುತ್ತೇನೆ, ಕೇಸ್ ಶೀಟ್‌ನಲ್ಲಿ ಬರೆದೂ ಇರುತ್ತೇನೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬೆಡ್‌ನ ಯೋಚನೆ.

ಇನ್ನೊಂದು ವಿಷಯ ಹೇಳುವುದು ಕಷ್ಟ. ಐಸಿಯುನಲ್ಲಿ ನಾನೇ ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗ ತೀರಿಕೊಂಡ. ಅಳು ಬರಲಿಲ್ಲ, ಅದು ಇರಲಿ, ಎಲ್ಲ ಸಾವಿಗೂ ಅಳು ಬರುವುದಿಲ್ಲ. ಆದರೆ ಅವನ ತಾಯಿ ಪಕ್ಕದಲ್ಲಿ ಕೂತು ಅಳುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಕ್ಯಾಶುವಾಲ್ಟಿಯಲ್ಲಿ ಕಾಯುತ್ತಿದ್ದ ಮುಂದಿನ ಕೇಸ್‌ಗೆ ಈ ಬೆಡ್ ಯಾವಾಗ ಖಾಲಿ ಆಗುತ್ತದೆ ಅನ್ನುವುದು ಮಾತ್ರ. ನಾನು ಮೊದಲು ಹೀಗಿರಲಿಲ್ಲ.

ಊಟ ರುಚಿಸುತ್ತಿಲ್ಲ. ಮನೆಯಿಂದ ಫೋನ್ ಬಂದರೆ ಎತ್ತುವುದಿಲ್ಲ, ಆಮೇಲೆ ಡ್ಯೂಟಿ ಇತ್ತು ಅಂತ ಮೆಸೇಜ್ ಹಾಕುತ್ತೇನೆ. ಥೀಸಿಸ್ ಫೈಲ್ ತೆರೆದು ಸುಮ್ನೆ ನೋಡುತ್ತಾ ಕೂರುತ್ತೇನೆ.

ನನ್ನ ಪ್ರಶ್ನೆ ಇಷ್ಟು. ಇದು ಕೆಲಸದ ದಣಿವಾ, ಕೋರ್ಸ್ ಮುಗಿದರೆ ತಾನಾಗಿ ಹೋಗುತ್ತದಾ, ಅಥವಾ ಡಿಪ್ರೆಶನ್ನಾ? ಪರೀಕ್ಷೆಗೆ ಇದನ್ನೆಲ್ಲ ಓದಿದ್ದೇನೆ, ರೋಗಿಗಳಿಗೆ ಹೇಳಿಯೂ ಹೇಳುತ್ತೇನೆ, ನನ್ನ ವಿಷಯದಲ್ಲಿ ಮಾತ್ರ ಏನೂ ಗೊತ್ತಾಗುತ್ತಿಲ್ಲ. ನಮ್ಮ ಆಸ್ಪತ್ರೆಯ ಸೈಕಿಯಾಟ್ರಿ ಒಪಿಡಿಗೆ ಹೋದರೆ ಅಲ್ಲಿ ಕೂತಿರುವುದು ನನ್ನ ಬ್ಯಾಚ್‌ನವರೇ. ದಾಖಲೆಯಲ್ಲಿ ಬಂದರೆ ಮುಂದೆ ಕೆಲಸಕ್ಕೆ, ರಿಜಿಸ್ಟ್ರೇಶನ್‌ಗೆ ತೊಂದರೆ ಆಗುತ್ತದಾ? ನಾನೇ ಡಿಪ್ರೆಶನ್‌ಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆ ಸಣ್ಣ ಡೋಸ್‌ನಲ್ಲಿ ಶುರು ಮಾಡಿಕೊಂಡರೆ ತಪ್ಪಾ? ರಜೆ ಕೇಳಲು ಧೈರ್ಯ ಇಲ್ಲ. ನಾನು ರಜೆ ಹಾಕಿದರೆ ನನ್ನ ಡ್ಯೂಟಿ ಪಕ್ಕದವಳ ತಲೆಗೆ ಬೀಳುತ್ತದೆ, ಅವಳದ್ದೂ ನನ್ನ ಹಾಗೇ ಸ್ಥಿತಿ.

ಹಳೆ_ರೆಸಿಡೆಂಟ್ ಉತ್ತರ:

ಮೊದಲು ಒಂದು ಮಾತು. ಆ ಹುಡುಗ ಹೋದಾಗ ನಿಮಗೆ ಏನೂ ಅನ್ನಿಸಲಿಲ್ಲ ಅಂತ ಬರೆದಿರಿ. ಏನೂ ಅನ್ನಿಸದವರು ಅದನ್ನು ಇಷ್ಟು ದಿನ ನೆನಪಿಟ್ಟುಕೊಂಡು ಇಲ್ಲಿ ಬಂದು ಬರೆಯುವುದಿಲ್ಲ. ನಿಮ್ಮೊಳಗಿನ ಮನುಷ್ಯತ್ವ ಹೋಗಿಲ್ಲ, ಅದಕ್ಕೆ ಉಸಿರಾಡಲು ಜಾಗ ಸಿಗುತ್ತಿಲ್ಲ, ಅಷ್ಟೇ.

ನನ್ನದು ಅನಸ್ತೇಶಿಯಾ (ಅರಿವಳಿಕೆ) ವಿಭಾಗ. ರೆಸಿಡೆನ್ಸಿಯಲ್ಲಿ, ಅಂದರೆ ಪಿಜಿ ತರಬೇತಿಯಲ್ಲಿ, ಇದ್ದಾಗ ನನಗೂ ಹೀಗೇ ಆಗಿತ್ತು, ಚಿಕಿತ್ಸೆ ತಗೊಂಡೆ, ಕೋರ್ಸ್ ಮುಗಿಸಿದೆ, ಈಗ ಕನ್ಸಲ್ಟೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕೆಲಸಕ್ಕೆ ಸೇರುವಾಗ ಯಾರೂ ನನ್ನ ಹಳೆಯ ಕೇಸ್ ಶೀಟ್ ಕೇಳಲಿಲ್ಲ. ನಿಮ್ಮಂಥವರಿಗೆ ಈ ಒಂದು ಸಾಲು ಯಾರಾದರೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮತ್ತೆ, ಇದು ನಿಮಗೊಬ್ಬರಿಗೇ ಆಗಿರುವುದಲ್ಲ. 2015ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಹಲವು ದೇಶಗಳ 54 ಅಧ್ಯಯನಗಳನ್ನು ಸೇರಿಸಿ, ತರಬೇತಿಯಲ್ಲಿರುವ 17 ಸಾವಿರಕ್ಕೂ ಜಾಸ್ತಿ ವೈದ್ಯರ ಮಾಹಿತಿ ನೋಡಿದ್ದರು. ಡಿಪ್ರೆಶನ್ ಅಥವಾ ಅದರ ಲಕ್ಷಣ ಇದ್ದವರು ಶೇ. 28.8. ಅಂದರೆ ನಿಮ್ಮ ರೌಂಡ್ಸ್‌ನಲ್ಲಿ ನಿಂತಿರುವ ನಾಲ್ಕು ಜನರಲ್ಲಿ ಒಬ್ಬರಿಗಾದರೂ ಇದೆ ಅಂದುಕೊಳ್ಳಿ. ಅದಕ್ಕೂ ಮುಂಚೆ, 2010ರಲ್ಲಿ, ಅಮೆರಿಕದ ಇಂಟರ್ನ್‌ಗಳನ್ನು ಕೆಲಸಕ್ಕೆ ಸೇರುವ ಮೊದಲು ಮತ್ತು ಸೇರಿದ ಮೇಲೆ ವರ್ಷಪೂರ್ತಿ ಹಿಂಬಾಲಿಸಿದ ಅಧ್ಯಯನ ಒಂದಿದೆ. ಸೇರುವ ಮೊದಲು ಡಿಪ್ರೆಶನ್ ಮಟ್ಟದ ಅಂಕ ಬಂದವರು ಶೇ. 3.9. ವರ್ಷದ ಮಧ್ಯೆ ಅದು ಸರಾಸರಿ ಶೇ. 25.7. ಅದೇ ಜನ. ಬದಲಾದದ್ದು ಅವರ ಮನೋಬಲ ಅಲ್ಲ, ಅವರ ಕೆಲಸ. ನನ್ನನ್ನು ಯಾರಾದರೂ 'ಈಗಿನ ಮಕ್ಕಳಿಗೆ ಗಟ್ಟಿತನ ಇಲ್ಲ' ಅಂತ ಕೇಳಿದರೆ ಈ ಎರಡು ಅಂಕಿ ಹೇಳುತ್ತೇನೆ.

ಪಕ್ಕದವಳ ಡ್ಯೂಟಿ ಬಗ್ಗೆ. ಒಬ್ಬರು ಹುಷಾರಿಲ್ಲದೆ ಮಲಗಿದರೆ ಇಡೀ ಯೂನಿಟ್ ಕುಸಿಯುತ್ತದೆ ಅಂದರೆ ಅದು ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕಿದವರ ಸಮಸ್ಯೆ, ನಿಮ್ಮ ತಪ್ಪಲ್ಲ. ನಿಮಗೆ ಡೆಂಗಿ ಬಂದಿದ್ದರೆ ಆಕೆ ಹೇಗೆ ನಿಭಾಯಿಸುತ್ತಿದ್ದಳೋ ಹಾಗೇ ಈಗಲೂ. ಆಕೆಯೊಂದಿಗೆ ಮಾತಾಡಿ, ದಯವಿಟ್ಟು. ಆಕೆಯೂ ಯಾರಾದರೂ ಕೇಳಲಿ ಅಂತ ಕಾಯುತ್ತಿರಬಹುದು.

ಮನೋವೈದ್ಯೆ ಉತ್ತರ:

ಇಲ್ಲಿ ರೋಗ ನಿರ್ಣಯ ಮಾಡಲು ಆಗುವುದಿಲ್ಲ, ಮಾಡುವುದೂ ಸರಿಯಲ್ಲ. ಆದರೆ ನೀವು ಬರೆದದ್ದನ್ನು ನಿಮ್ಮ ಒಪಿಡಿಗೆ ಬಂದ ರೋಗಿ ಹೇಳಿದ್ದರೆ ನೀವು ಅವರನ್ನು ನಮ್ಮ ಕಡೆ ಕಳಿಸುತ್ತಿದ್ದಿರಿ, ಅಲ್ವಾ?

ದಣಿವಿಗೆ ಒಂದು ಗುಣ ಇದೆ. ನಿದ್ದೆ ಸಿಕ್ಕರೆ, ನಾಲ್ಕು ದಿನ ರಜೆ ಸಿಕ್ಕರೆ, ಅದು ಇಳಿಯುತ್ತದೆ. ಬರ್ನ್‌ಔಟ್ ಬೇರೆ. ಅದರಲ್ಲಿ ಮೂರು ಅಂಶ ನೋಡುತ್ತೇವೆ: ಮನಸ್ಸು ಬರಿದಾದ ಹಾಗೆ ಅನ್ನಿಸುವುದು, ರೋಗಿಯನ್ನು ಮನುಷ್ಯನಾಗಿ ನೋಡದೆ ಬೆಡ್ ನಂಬರ್ ಆಗಿ ನೋಡಲು ಶುರು ಮಾಡುವುದು, ನಾನು ಮಾಡುವ ಕೆಲಸದಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಐಸಿಯು ವಿಷಯ ನೀವು ಹೇಳಿದ್ದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಬರ್ನ್‌ಔಟನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸೇರಿಸಿದೆ. ಡಿಪ್ರೆಶನ್ ಮಾತ್ರ ಕಾಯಿಲೆಯೇ, ಮತ್ತು ಅದು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದಿಲ್ಲ, ಮನೆಗೂ ಬರುತ್ತದೆ. ರಜೆ ದಿನವೂ ಬೆಳಗಿನ ಜಾವ ಎಚ್ಚರ, ಊಟ ರುಚಿಸದಿರುವುದು, ಪ್ರೀತಿಯವರ ಫೋನ್ ಎತ್ತಲು ಮನಸ್ಸಿಲ್ಲದಿರುವುದು ಇವೆಲ್ಲ ಅದರ ಕಡೆ ಬೆರಳು ತೋರಿಸುತ್ತವೆ. ಎರಡೂ ಒಟ್ಟಿಗೆ ಇರುವುದು ನಮ್ಮ ಒಪಿಡಿಯಲ್ಲಿ ಬಹಳ ಸಾಮಾನ್ಯ.

ಡಿಪ್ರೆಶನ್ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ನಿಮಗೆ ಗೊತ್ತಿರುತ್ತದೆ. ಒಂಬತ್ತು ಪ್ರಶ್ನೆ, ಹಿಂದಿನ ಎರಡು ವಾರದ ಬಗ್ಗೆ. ಇವತ್ತು ಕೂತು ಪ್ರಾಮಾಣಿಕವಾಗಿ ಉತ್ತರಿಸಿ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಈ ವಾರವೇ ಯಾರನ್ನಾದರೂ ನೋಡಿ. ಅಂಕ ಕಡಿಮೆ ಬಂದರೂ ಕೆಲಸ ಮಾಡಲು ಕಷ್ಟ ಆಗುತ್ತಿದ್ದರೆ ನೋಡಲೇಬೇಕು. ಒಂಬತ್ತನೇ ಪ್ರಶ್ನೆಯನ್ನು ನಾನು ಇಲ್ಲೇ ನೇರವಾಗಿ ಕೇಳುತ್ತೇನೆ: ಸಾಯಬೇಕು, ಬದುಕಿರದಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸುತ್ತಿದೆಯಾ? ಇಲ್ಲಿ ಉತ್ತರಿಸಬೇಕಾಗಿಲ್ಲ. ಉತ್ತರ ಹೌದು ಅಂತಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ನಂಬಿಕೆಯ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ಎಮರ್ಜೆನ್ಸಿಗೆ ಹೋಗಿ ಅಥವಾ ಸಹಾಯವಾಣಿಗೆ ಕರೆ ಮಾಡಿ. ಹೀಗೆ ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಅನೇಕ ವೈದ್ಯರೂ ನಂಬುತ್ತಾರೆ. ಹಾಗಾಗುವುದಿಲ್ಲ. ಕೇಳಿದವರು ಸಿಕ್ಕರಲ್ಲ ಅಂತ ಹೆಚ್ಚಿನವರಿಗೆ ಹಗುರ ಆಗುತ್ತದೆ.

ಮಾತ್ರೆ ನೀವೇ ಶುರು ಮಾಡಬೇಡಿ. ಕಾರಣ ಹೇಳುತ್ತೇನೆ, ಗದರಿಸುವುದಕ್ಕಲ್ಲ. ಮೊದಲನೆಯದು, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ, ಎಲ್ಲ ಮಾಡಿಬಿಡುತ್ತೇನೆ ಅನ್ನುವಂಥ ಕಾಲ ಬಂದು ಹೋಗಿತ್ತಾ ಅಂತ ಹೊರಗಿನವರು ಕೂತು ಕೇಳಬೇಕು. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇದ್ದವರಿಗೆ ಬರೀ ಆ ಮಾತ್ರೆ ಕೊಟ್ಟರೆ ಕೆಲವರಲ್ಲಿ ಪರಿಸ್ಥಿತಿ ಕೆಡುತ್ತದೆ, ರಾತ್ರಿ ಡ್ಯೂಟಿಯ ನಿದ್ದೆಗೇಡು ಸೇರಿದರೆ ಇನ್ನೂ. ಎರಡನೆಯದು, ಥೈರಾಯ್ಡ್, ರಕ್ತಹೀನತೆ ಇವನ್ನು ನೋಡಬೇಕು, ನಿಮ್ಮ ರಕ್ತ ಪರೀಕ್ಷೆ ನೀವು ಯಾವಾಗ ಮಾಡಿಸಿಕೊಂಡಿದ್ದೀರಿ? ಮೂರನೆಯದು, ಮಾತ್ರೆಯ ಪರಿಣಾಮ ಚೆನ್ನಾಗಿ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಜಾಸ್ತಿ ಆಗಬಹುದು. ಒಬ್ಬರೇ ಇದ್ದರೆ ಆ ಹಂತದಲ್ಲೇ ಬಿಟ್ಟುಬಿಡುತ್ತೀರಿ, ಅಥವಾ ನೀವೇ ಡೋಸ್ ಏರಿಸುತ್ತೀರಿ. ನಿದ್ದೆಗೆ ಅಂತ ವಾರ್ಡ್‌ನಿಂದ ಆಲ್‌ಪ್ರಾಜೋಲಮ್ ತರುವ ಅಭ್ಯಾಸ ಇನ್ನೂ ಅಪಾಯ. ಅದು ಬಹಳ ಬೇಗ ಹಿಡಿದುಕೊಳ್ಳುತ್ತದೆ.

ನಿಮ್ಮ ಸ್ವಂತ ವಿಭಾಗಕ್ಕೆ ಹೋಗುವುದು ಬೇಡ ಅನ್ನಿಸಿದರೆ ಬೇರೆ ಆಸ್ಪತ್ರೆಯಲ್ಲಿ, ಹೊರಗಿನ ಕ್ಲಿನಿಕ್‌ನಲ್ಲಿ, ಅಥವಾ ವಿಡಿಯೋ ಕರೆಯಲ್ಲಿ ನೋಡಿಸಿಕೊಳ್ಳಿ. ಹಾಗೆ ಮಾಡುವುದು ನಿಮ್ಮ ಹಕ್ಕು. ನೀವು ಹೇಳಿದ್ದನ್ನು ನಿಮ್ಮ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಹೇಳುವ ಅಧಿಕಾರ ನಿಮ್ಮ ಮನೋವೈದ್ಯರಿಗೆ ಇಲ್ಲ. ಜೀವಕ್ಕೆ ತಕ್ಷಣದ ಅಪಾಯ, ಕೋರ್ಟ್ ಆದೇಶ ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ, ಅದನ್ನೂ ನಾವು ಮೊದಲೇ ಹೇಳುತ್ತೇವೆ. ರಿಜಿಸ್ಟ್ರೇಶನ್ ಭಯ ನಿಮಗೊಬ್ಬರಿಗೇ ಅಲ್ಲ. 2020ರಲ್ಲಿ ನ್ಯೂಯಾರ್ಕ್‌ನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ ತೀರಿಕೊಂಡ ಮೇಲೆ, ಲೈಸೆನ್ಸ್ ಹೋಗುತ್ತದೆ ಅನ್ನುವ ಭಯ ಅವರಿಗಿತ್ತು ಅಂತ ಅವರ ಮನೆಯವರು ಹೇಳಿದರು. ಆಮೇಲೆ 2022ರಲ್ಲಿ ಅವರ ಹೆಸರಿನಲ್ಲೇ ಅಮೆರಿಕದಲ್ಲಿ ವೈದ್ಯರ ಮಾನಸಿಕ ಆರೋಗ್ಯದ ಬಗ್ಗೆ ಕಾನೂನು ಬಂತು, ಲೈಸೆನ್ಸ್ ಅರ್ಜಿಯಲ್ಲಿ ಹಳೆಯ ಚಿಕಿತ್ಸೆಯ ಬಗ್ಗೆ ಕೇಳುವ ಪ್ರಶ್ನೆ ತೆಗೆಸಲು ಅವರ ಕುಟುಂಬದವರು ಇನ್ನೂ ದುಡಿಯುತ್ತಿದ್ದಾರೆ. ನಿಮ್ಮ ಅರ್ಜಿಯಲ್ಲಿ ನಿಜಕ್ಕೂ ಏನು ಕೇಳುತ್ತಾರೆ ಅಂತ ಓದಿ ನೋಡಿ. ಚಿಕಿತ್ಸೆ ಪಡೆದು ಚೆನ್ನಾಗಿ ಕೆಲಸ ಮಾಡುತ್ತಿರುವ ವೈದ್ಯರು ಎಷ್ಟೋ ಜನ ಇದ್ದಾರೆ, ಅವರು ಬೋರ್ಡ್ ಹಾಕಿಕೊಂಡು ಓಡಾಡುವುದಿಲ್ಲ, ಅದಕ್ಕೆ ನಿಮಗೆ ಕಾಣುವುದಿಲ್ಲ.

ಸರ್ಜರಿ_ಸೀನಿಯರ್ ಉತ್ತರ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚಿಕಿತ್ಸೆ ಬೇಕಿದ್ದರೆ ಖಂಡಿತ ತಗೊಳ್ಳಿ, ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಎಲ್ಲದಕ್ಕೂ ಡ್ಯೂಟಿ ಗಂಟೆಯನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ಬಂದ ಹೊಟ್ಟೆನೋವು ಬೆಳಗ್ಗೆ ಹೇಗೆ ಬದಲಾಗುತ್ತದೆ ಅಂತ ನೋಡಿಯೇ ಕಲಿಯಬೇಕು. ಗಂಟೆ ಕಡಿಮೆ ಮಾಡಿದರೆ ಹ್ಯಾಂಡೋವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಯ ವಿವರ ಒಪ್ಪಿಸುವುದು, ಜಾಸ್ತಿ ಆಗುತ್ತದೆ, ಹ್ಯಾಂಡೋವರ್‌ನಲ್ಲಿ ವಿಷಯ ಬಿಟ್ಟುಹೋಗುತ್ತದೆ, ಅದರಿಂದಲೂ ರೋಗಿಗೆ ತೊಂದರೆ. ಅಮೆರಿಕದಲ್ಲಿ 2011ರಲ್ಲಿ ಮೊದಲ ವರ್ಷದವರಿಗೆ ಒಂದೇ ಸಲಕ್ಕೆ 16 ಗಂಟೆ ಅಂತ ಮಿತಿ ಹಾಕಿದರು. 2017ರಲ್ಲಿ ಅದನ್ನು ತೆಗೆದು ಮತ್ತೆ 24 ಗಂಟೆಗೆ ಬಂದರು. ಸುಮ್ನೆ ಬಂದರಾ?

ರೋಸ್ಟರ್_ಹಾಕುವವ ಉತ್ತರ:

ಸರ್ಜರಿ ಸರ್, ನಿಮ್ಮ ಹ್ಯಾಂಡೋವರ್ ಮಾತು ನಿಜ. ನಾನು ಒಂದು ಯೂನಿಟ್‌ನಲ್ಲಿ ಹಲವು ವರ್ಷದಿಂದ ರೋಸ್ಟರ್ ಹಾಕುತ್ತಿದ್ದೇನೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ 24 ಗಂಟೆಗೆ ಮರಳಿದರು ಅನ್ನುವುದು ಅರ್ಧ ಕಥೆ. ವಾರಕ್ಕೆ 80 ಗಂಟೆಯ ಮಿತಿ 2003ರಿಂದ ಹಾಗೇ ಇದೆ, ಅದನ್ನು ಯಾರೂ ತೆಗೆಯಲಿಲ್ಲ. ಆ ಮಿತಿ ಬಂದದ್ದೂ ಸುಲಭಕ್ಕಲ್ಲ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಜಿಯಾನ್ ಅನ್ನುವ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ರಾತ್ರಿ ಕಳೆಯುವಷ್ಟರಲ್ಲಿ ತೀರಿಕೊಂಡಳು, ಅವಳನ್ನು ನೋಡಿಕೊಂಡವರು ರೆಸಿಡೆಂಟ್‌ಗಳು, ಅವರ ಮೇಲಿದ್ದ ಕೆಲಸದ ಹೊರೆ ಮತ್ತು ಮೇಲ್ವಿಚಾರಣೆ ಇಲ್ಲದಿರುವುದು ದೊಡ್ಡ ಚರ್ಚೆ ಆಯಿತು, ಅವಳ ತಂದೆ ಬಿಡದೆ ಹೋರಾಡಿದರು, 1989ರಲ್ಲಿ ಆ ರಾಜ್ಯದಲ್ಲಿ ನಿಯಮ ಬಂತು. ದೇಶಕ್ಕೆಲ್ಲ ಬರಲು ಇನ್ನೂ 14 ವರ್ಷ. ಯುರೋಪಿನಲ್ಲಿ ಸರಾಸರಿ ವಾರಕ್ಕೆ 48 ಗಂಟೆ. ಅಲ್ಲೂ ಸರ್ಜನ್‌ಗಳು ತಯಾರಾಗುತ್ತಿದ್ದಾರೆ. ಭಾರತದಲ್ಲಿ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು.

ಮತ್ತೆ ರೋಗಿಯ ಲೆಕ್ಕ. 2004ರಲ್ಲಿ ಐಸಿಯುಗಳಲ್ಲಿ ನಡೆದ ಅಧ್ಯಯನದಲ್ಲಿ, 24 ಗಂಟೆ ಮೀರಿದ ಹಳೆಯ ಪಾಳಿಯಲ್ಲಿ, ಚಿಕ್ಕ ಪಾಳಿಗೆ ಹೋಲಿಸಿದರೆ, ಇಂಟರ್ನ್‌ಗಳಿಂದ ಗಂಭೀರ ತಪ್ಪುಗಳು ಶೇ. 36ರಷ್ಟು ಜಾಸ್ತಿ ಆದವು. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ತೋರಿಸಿದ್ದಾರೆ. ಕುಡಿದು ಬಂದವರನ್ನು ನಾವು ವಾರ್ಡ್ ಒಳಗೆ ಬಿಡುವುದಿಲ್ಲ.

ಇಷ್ಟು ಹೇಳಿಯೂ ಒಂದು ಒಪ್ಪುತ್ತೇನೆ. ಗಂಟೆ ಕಡಿಮೆ ಮಾಡಿದ ಮಾತ್ರಕ್ಕೆ ಮನಸ್ಸು ಸರಿಹೋಗುವುದಿಲ್ಲ. ನಮ್ಮಲ್ಲಿ ಡ್ಯೂಟಿ ಕಡಿಮೆ ಮಾಡಿದಾಗ ಕೆಲಸ ಕಡಿಮೆ ಆಗಲಿಲ್ಲ, ಅದೇ ಕೆಲಸವನ್ನು ಕಡಿಮೆ ಹೊತ್ತಿನಲ್ಲಿ ತುರುಕಿದೆವು, ಹುಡುಗರು ಇನ್ನೂ ಸುಸ್ತಾದರು. ರಕ್ತದ ಸ್ಯಾಂಪಲ್ ಹೊತ್ತುಕೊಂಡು ಲ್ಯಾಬ್‌ಗೆ ಓಡುವುದು, ಸ್ಕ್ಯಾನ್ ಡೇಟ್‌ಗೆ ಅಂಗಲಾಚುವುದು, ಒಂದೇ ವಿಷಯವನ್ನು ಮೂರು ರಿಜಿಸ್ಟರ್‌ನಲ್ಲಿ ಬರೆಯುವುದು, ಇದ್ಯಾವುದೂ ವೈದ್ಯ ಶಿಕ್ಷಣ ಅಲ್ಲ. ಇದನ್ನು ಬೇರೆ ಸಿಬ್ಬಂದಿಗೆ ಕೊಟ್ಟಾಗ ನಿಜವಾದ ಬದಲಾವಣೆ ಕಂಡಿತು. ಇನ್ನೊಂದು, ರೌಂಡ್ಸ್‌ನಲ್ಲಿ ಎಲ್ಲರೆದುರು ಅವಮಾನ ಮಾಡುವುದು. ರೋಗಿಯ ಎದುರು, ನರ್ಸ್‌ಗಳ ಎದುರು, 'ನಿನಗೆ ಎಂಬಿಬಿಎಸ್ ಯಾರು ಕೊಟ್ಟರು' ಅನ್ನುವುದು. ಅದನ್ನು ಕಲಿಸುವುದು ಅಂತ ಕರೆಯುವುದನ್ನು ನಾವು ನಿಲ್ಲಿಸಬೇಕು. ಹಾಗೆ ಬೈಸಿಕೊಂಡ ಜೂನಿಯರ್ ರಾತ್ರಿ 3 ಗಂಟೆಗೆ ಸಂಶಯ ಬಂದರೆ ಸೀನಿಯರ್‌ಗೆ ಫೋನ್ ಮಾಡುವುದಿಲ್ಲ. ಅಲ್ಲಿ ರೋಗಿ ಸಾಯುತ್ತಾನೆ, ಆ ಹುಡುಗ ಆ ಸಾವನ್ನು ಒಬ್ಬನೇ ಹೊತ್ತುಕೊಂಡು ಓಡಾಡುತ್ತಾನೆ. ಅಂಥ ವೈದ್ಯರನ್ನು 'ಎರಡನೇ ಬಲಿಪಶು' ಅಂತ ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ರಲ್ಲೇ ಬರೆದರು.

ಪ್ರಶ್ನೆ ಕೇಳಿದವರಿಗೆ: ರಜೆ ಕೇಳುವಾಗ ಕಾರಣ ಪೂರ್ತಿ ಹೇಳಬೇಕಾಗಿಲ್ಲ. 'ಆರೋಗ್ಯ ಸರಿಯಿಲ್ಲ, ಚಿಕಿತ್ಸೆ ತಗೊಳ್ಳುತ್ತಿದ್ದೇನೆ, ವೈದ್ಯರು ವಿಶ್ರಾಂತಿ ಹೇಳಿದ್ದಾರೆ' ಅಂದರೆ ಸಾಕು. ನನ್ನ ಬಳಿ ಯಾರಾದರೂ ಹಾಗೆ ಬಂದರೆ ನಾನು ಮುಂದೆ ಕೇಳುವುದಿಲ್ಲ. ಯೂನಿಟ್‌ನಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ, ಎಚ್‌ಒಡಿ ಆಗಿರಬೇಕು ಅಂತಿಲ್ಲ, ಅಸಿಸ್ಟೆಂಟ್ ಪ್ರೊಫೆಸರ್ ಆದರೂ ಸರಿ. ಅವರ ಮೂಲಕ ಹೋಗಿ.

ಸರ್ಜರಿ_ಸೀನಿಯರ್ ಉತ್ತರ:

ರಿಜಿಸ್ಟರ್, ಸ್ಯಾಂಪಲ್ ಓಡಾಟದ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಅವಮಾನದ ವಿಷಯವೂ ಹೌದು. ಹ್ಯಾಂಡೋವರ್‌ಗೆ ಮಾತ್ರ ಬೇರೆಯೇ ಸಮಯ ಇಟ್ಟು, ಬರೆದು ಕೊಡುವ ಪದ್ಧತಿ ಮಾಡದೆ ಗಂಟೆ ಕಡಿಮೆ ಮಾಡಬೇಡಿ ಅನ್ನುವುದು ನನ್ನ ಹಠ.

ರೆಸಿಡೆಂಟ್_ಗಂಡ ಉತ್ತರ:

ನಾನು ಡಾಕ್ಟರ್ ಅಲ್ಲ. ನನ್ನ ಹೆಂಡತಿ ಪಿಜಿ ಮಾಡುವಾಗ ಇದೇ ಥರ ಆಗಿತ್ತು, ಮನೆಯವರ ಕಡೆಯಿಂದ ಒಂದೆರಡು ಮಾತು.

ನಮಗೆ ಗೊತ್ತಾಗುವುದಿಲ್ಲ. ಫೋನ್ ಎತ್ತದಿದ್ದರೆ ಕೆಲಸ ಜಾಸ್ತಿ ಇರಬೇಕು ಅಂದುಕೊಳ್ಳುತ್ತೇವೆ, ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳುತ್ತೇವೆ ಕೂಡ. ನೀವು ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಒಂದೇ ಸಾಲು ಹೇಳಿ: 'ನನಗೆ ಹುಷಾರಿಲ್ಲ, ಸಲಹೆ ಬೇಡ, ಸುಮ್ನೆ ಜೊತೆಗಿರಿ.' ಸಲಹೆ ಬೇಡ ಅನ್ನುವುದನ್ನು ಸೇರಿಸಿ, ಇಲ್ಲದಿದ್ದರೆ ಯೋಗ ಮಾಡು, ಬೇಗ ಮಲಗು ಅಂತ ಶುರು ಮಾಡುತ್ತೇವೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಬಹಳ ಸಣ್ಣ ವಿಷಯಗಳು. ಡಾಕ್ಟರ್ ಅಪಾಯಿಂಟ್‌ಮೆಂಟ್ ನಾನೇ ಮಾಡಿದೆ, ಅವಳಿಗೆ ಆ ಫೋನ್ ಮಾಡುವ ಶಕ್ತಿಯೂ ಇರಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಅವಳು ಗಾಡಿ ಓಡಿಸದ ಹಾಗೆ ನೋಡಿಕೊಂಡೆ. ಸರಿಯಾಗಲು ಸಮಯ ಹಿಡಿಯಿತು, ಒಂದೇ ಸಮ ಏರಲಿಲ್ಲ, ಚೆನ್ನಾಗಿದ್ದ ವಾರದ ಹಿಂದೆಯೇ ಕೆಟ್ಟ ವಾರ ಬರುತ್ತಿತ್ತು. ಆಗ ಗಾಬರಿ ಆಗಬೇಡಿ.

ಎರಡನೇ_ವರ್ಷ ಉತ್ತರ:

ಎಲ್ಲರಿಗೂ ಉತ್ತರ ಬರೆಯಲು ಆಗುತ್ತಿಲ್ಲ, ಎಲ್ಲವನ್ನೂ ಓದಿದೆ. ಪಿಎಚ್‌ಕ್ಯೂ-9 ಮಾಡಿದೆ, 16 ಬಂತು. ಒಂಬತ್ತನೇ ಪ್ರಶ್ನೆಗೆ 'ಕೆಲವು ದಿನ' ಅಂತ ಹಾಕಿದೆ. ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ, ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸುತ್ತದೆ, ಅಷ್ಟೇ. ಅಷ್ಟೇ ಅಂತ ಬರೆಯಬಾರದೇನೋ. ಪಕ್ಕದವಳಿಗೆ ಹೇಳಿದೆ. ಅವಳು ನನ್ನ ಮುಂದೆಯೇ ಹೊರಗಿನ ಕ್ಲಿನಿಕ್ ಒಂದಕ್ಕೆ ಫೋನ್ ಮಾಡಿದಳು, ನಾಳೆ ಸಂಜೆ ಬರಲು ಹೇಳಿದ್ದಾರೆ. ಆದರೆ ನಾಳೆ ನನಗೆ ಪೋಸ್ಟ್ ಡ್ಯೂಟಿ. ನಿದ್ದೆ ಇಲ್ಲದ ಸ್ಥಿತಿಯಲ್ಲಿ ಹೋದರೆ ಅವರಿಗೆ ಸರಿಯಾಗಿ ಗೊತ್ತಾಗುತ್ತದಾ, ಅಥವಾ ಮುಂದಿನ ವಾರಕ್ಕೆ ಹಾಕಲಾ?

ಮನೋವೈದ್ಯೆ ಉತ್ತರ:

ಮುಂದಿನ ವಾರಕ್ಕೆ ಹಾಕಬೇಡಿ. ನಾಳೆಯೇ ಹೋಗಿ. ಏಳದಿದ್ದರೆ ಚೆನ್ನಾಗಿತ್ತು ಅನ್ನುವುದನ್ನು ಇಲ್ಲಿ ಬರೆದ ಮಾತಿನಲ್ಲೇ ಅಲ್ಲೂ ಹೇಳಿ, ಮೊದಲ ಐದು ನಿಮಿಷದಲ್ಲೇ. ಕೊನೆಗೆ ಹೇಳೋಣ ಅಂತ ಇಟ್ಟುಕೊಂಡರೆ ಬಾಯಿ ಬರುವುದಿಲ್ಲ. ನಿದ್ದೆ ಇಲ್ಲದೆ ಬಂದಿದ್ದೀನಿ, ಹಿಂದಿನ ರಾತ್ರಿ ಡ್ಯೂಟಿ ಇತ್ತು ಅಂತಲೂ ಹೇಳಿ, ಅವರು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ. ಪಿಎಚ್‌ಕ್ಯೂ-9 ತುಂಬಿದ ಕಾಗದ ಜೊತೆಗಿರಲಿ. ಈಗ ತಗೊಳ್ಳುತ್ತಿರುವ ಮಾತ್ರೆಗಳು, ಕಾಫಿ ಎಷ್ಟು, ಇವನ್ನೂ ಬರೆದುಕೊಳ್ಳಿ. ನೈಟ್ ಡ್ಯೂಟಿಯಿಂದ ಸ್ವಲ್ಪ ದಿನ ಬಿಡುವು ಬೇಕು ಅಂತ ಅವರಿಗೆ ಅನ್ನಿಸಿದರೆ ಪತ್ರ ಬರೆಸಿಕೊಳ್ಳಿ, ಪತ್ರದಲ್ಲಿ ಕಾಯಿಲೆಯ ಹೆಸರು ಹಾಕಬೇಡಿ ಅಂತ ಕೇಳಬಹುದು.

ಇವತ್ತು ರಾತ್ರಿ ಡ್ಯೂಟಿಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ? ಆ ಯೋಚನೆ ಜೋರಾದರೆ ಯಾರ ಹತ್ತಿರ ಎದ್ದು ಹೋಗುತ್ತೀರಿ ಅಂತ ಈಗಲೇ ತೀರ್ಮಾನ ಮಾಡಿ, ಅವರಿಗೂ ಹೇಳಿಡಿ. ಡ್ಯೂಟಿ ಮಾಡಲು ಆಗುವುದಿಲ್ಲ ಅನ್ನಿಸಿದರೆ ಇವತ್ತೇ ಹೇಳಿ ಬಿಡುವು ತಗೊಳ್ಳಿ. ಮಾಡಿದರೆ ಬೆಳಗ್ಗೆ ಗಾಡಿ ಓಡಿಸಬೇಡಿ, ಕ್ಲಿನಿಕ್‌ಗೆ ಗೆಳತಿಯನ್ನು ಕರೆದುಕೊಂಡು ಹೋಗಿ. ಹೋಗಿ ಬಂದ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಎರಡನೇ_ವರ್ಷ ಉತ್ತರ:

ಸರಿ ಮೇಡಂ. ರಾತ್ರಿ ಅವಳೇ ನನ್ನ ಜೊತೆ ಇರುವ ಹಾಗೆ ಡ್ಯೂಟಿ ಬದಲಿಸಿಕೊಂಡಿದ್ದಾಳೆ. ನಾಳೆ ಸಂಜೆ ಇಬ್ಬರೂ ಹೋಗುತ್ತೇವೆ. ಅವಳೂ ತೋರಿಸಿಕೊಳ್ಳುತ್ತಾಳಂತೆ.